ಅನುವಾದ ತಂತ್ರಾಂಶ: ಮನೆಗೆ ಯಾವುದು, ಕಾರ್ಖಾನೆಗೆ ಯಾವುದು?

ವಿಜಯಪುರದ ತಿಕೋಟಾ ಕಡೆಯ ಬೆಳೆಗಾರರು ಒಣದ್ರಾಕ್ಷಿಯನ್ನು ಮಹಾರಾಷ್ಟ್ರದ ತಾಸಗಾಂವ ಪೇಟೆಗೆ ಕಳಿಸಿದರೆ ದಲಾಲಿ ಅಂಗಡಿಯ ಪಟ್ಟಿ ಮರಾಠಿಯಲ್ಲಿ ಬರುತ್ತದೆ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಂದಕ್ಕೆ ಹೊಸ ಯಂತ್ರ ಬಂದರೆ ಅದರ ದಪ್ಪ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಬೆಳೆಗಾರರಿಗೆ ಉಚಿತ ಆ್ಯಪ್ ಸಾಕು. ಫೌಂಡ್ರಿಗೆ ಅದು ಸಾಲದು.

ಮೊದಲು ಕಡತ ನೋಡಿ

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಬೇರೆಯೇ ಸಂಕೇತ. ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕಲಸುಮೇಲೋಗರದ ಇಂಗ್ಲಿಷ್ ಅಕ್ಷರಗಳು ಬಂದರೆ ಮೊದಲು ಎಲ್ಲ ಕಂಪ್ಯೂಟರ್, ಫೋನುಗಳಿಗೂ ತಿಳಿಯುವ ಯೂನಿಕೋಡ್ ಸಂಕೇತಕ್ಕೆ ಬದಲಿಸಿಕೊಳ್ಳಿ. ನಮ್ಮ ಕಡೆಯ ಕಚೇರಿಗಳಲ್ಲಿ ಇಂಥ ಕಡತಗಳು ಇನ್ನೂ ರಾಶಿ ರಾಶಿ ಇವೆ. ಈ ಹೆಜ್ಜೆ ಬಿಟ್ಟರೆ ಎಷ್ಟೇ ದುಬಾರಿ ತಂತ್ರಾಂಶ ತಂದರೂ ಪ್ರಯೋಜನವಿಲ್ಲ.

ಸ್ವಂತ ಬಳಕೆಗಾದರೆ

ಗೂಗಲ್ ಟ್ರಾನ್ಸ್‌ಲೇಟ್ ಅಥವಾ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿ ಸಾಕು. ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗೂಗಲ್‌ನಲ್ಲಿ ಕನ್ನಡ, ಮರಾಠಿಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆದರೆ ಕೈಬರಹದ ಪಟ್ಟಿಗೆ ಕ್ಯಾಮೆರಾ ನಂಬಬೇಡಿ. ದೇವನಾಗರಿಯ ಒಂದು, ಒಂಬತ್ತು ಬರವಣಿಗೆಯಲ್ಲಿ ಒಂದೇ ಥರ ಕಾಣುತ್ತವೆ. ತೂಕ, ದರ, ಕಡಿತವನ್ನು ಕಣ್ಣಾರೆ ನೋಡಿ ಹೊಂದಿಸಿ. ಪಾಸ್‌ಬುಕ್, ಆಧಾರ್ ಹಾಕಲೇಬೇಡಿ.

ಕಂಪನಿಗಾದರೆ

ಇಲ್ಲಿ ಮುಖ್ಯವಾದದ್ದು ಅನುವಾದ ಸ್ಮೃತಿ. ಒಮ್ಮೆ ತಿದ್ದಿ ಒಪ್ಪಿದ ವಾಕ್ಯವನ್ನು ತಂತ್ರಾಂಶ ಉಳಿಸಿಕೊಂಡು, ಅದೇ ವಾಕ್ಯ ಮತ್ತೆ ಬಂದಾಗ ತಾನೇ ಮುಂದಿಡುತ್ತದೆ. ಸುರಕ್ಷತಾ ಸೂಚನೆಗಳು ಕೈಪಿಡಿಯಿಂದ ಕೈಪಿಡಿಗೆ ಮರುಕಳಿಸುವುದರಿಂದ ಉಳಿತಾಯ ದೊಡ್ಡದು. ಜೊತೆಗೆ ಪದಕೋಶ ಬೇಕು: ಫೌಂಡ್ರಿಯವರು ದಿನಾ ಆಡುವ ಕೋರ್, ರೈಸರ್, ಮೌಲ್ಡ್ ಹಾಗೇ ಉಳಿಯಬೇಕು. ಹಣ ಹಾಕುವ ಮೊದಲು ಇಂಥದೇ ಉಚಿತ ತಂತ್ರಾಂಶ ಒಮೇಗಾ-ಟಿಯಲ್ಲಿ ಕೈ ಪಳಗಿಸಿಕೊಳ್ಳಬಹುದು. ಟ್ರಾಡೋಸ್, ಮೆಮೊಕ್ಯೂ ದುಡ್ಡಿನವು.

ಸ್ಮೃತಿಯಲ್ಲಿಲ್ಲದ ವಾಕ್ಯವನ್ನು ಕಂಪ್ಯೂಟರೇ ಅನುವಾದಿಸುವ ಯಂತ್ರಾನುವಾದದ ಖರ್ಚಿಗೆ ಅಕ್ಷರಗಳ ಲೆಕ್ಕ ನಡೆಯುತ್ತದೆ. ಗೂಗಲ್ ಕ್ಲೌಡ್‌ನ ಸಾಮಾನ್ಯ ಸೇವೆಯಲ್ಲಿ ತಿಂಗಳಿಗೆ ಮೊದಲ 5 ಲಕ್ಷ ಅಕ್ಷರ ಉಚಿತ, ಆಮೇಲೆ 10 ಲಕ್ಷಕ್ಕೆ 20 ಡಾಲರ್. ಕನ್ನಡದಿಂದ ಅನುವಾದಿಸುವಾಗ ಎಚ್ಚರ: ‘ದ್ರಾಕ್ಷಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ, ಒತ್ತು, ಕಾಗುಣಿತ ಬಿಡಿಬಿಡಿಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ ಎಂಟು. ಅಂದಾಜು ಹಾಕುವಾಗ ಪುಟ ಎಣಿಸದೆ ಕಂಪ್ಯೂಟರಿನ ಅಕ್ಷರ ಲೆಕ್ಕವನ್ನೇ ಹಿಡಿಯಿರಿ.

ಗ್ರಾಹಕರ ನಕ್ಷೆ, ಒಪ್ಪಂದಗಳನ್ನು ಉಚಿತ ತಾಣಕ್ಕೆ ಹಾಕುವುದು ಸಲ್ಲದು. ಗೋಪ್ಯತೆಯೇ ಮುಖ್ಯವಾದರೆ, ಐಐಟಿ ಮದ್ರಾಸಿನ ಎಐಫಾರ್‌ಭಾರತ್ ತಂಡದ ಯಂತ್ರಾನುವಾದ ಮಾದರಿ ಇಂಡಿಕ್‌ಟ್ರಾನ್ಸ್2 ಮುಕ್ತವಾಗಿ ಸಿಗುತ್ತದೆ. 22 ಭಾರತೀಯ ಭಾಷೆಗಳನ್ನು ಬಲ್ಲ ಅದನ್ನು ಸ್ವಂತ ಸರ್ವರ್‌ನಲ್ಲೇ ನಡೆಸಬಹುದು, ಬಲ್ಲ ಇಂಜಿನಿಯರ್ ಇದ್ದರೆ.

ಕೊಳ್ಳುವ ಮುನ್ನ

ಕೈಪಿಡಿಯ ಎರಡು ಪುಟ ಅನುವಾದಿಸಿ ಪಾಳಿಯ ಮೇಸ್ತ್ರಿಯಿಂದ ಓದಿಸಿ. ‘ಮುಟ್ಟಬಾರದು’ ಎಂಬುದು ‘ಮುಟ್ಟಬೇಕು’ ಆಗಿದ್ದರೆ ಕೈ ಹೋಗುತ್ತದೆ, ಆದ್ದರಿಂದ ನಿಷೇಧದ ಸಾಲುಗಳನ್ನು ಒಂದೊಂದಾಗಿ ನೋಡಬೇಕು. ಅನುವಾದ ಸ್ಮೃತಿಯನ್ನು ಬೇರೆ ತಂತ್ರಾಂಶಗಳೂ ಓದಬಲ್ಲ ಟಿಎಂಎಕ್ಸ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂದೂ ಮಾರುವವರನ್ನು ಕೇಳಿ. ಬರುವುದಿಲ್ಲ ಎಂದರೆ ಮುಂಗಡ ಕೊಡಬೇಡಿ.