ಪಿಕಪ್‌ಗೆ ಎ.ಟಿ. ಟೈರ್: ಅಂಗಡೀಲಿ ಮುಗಿಯೋದು ಅರ್ಧ ಕೆಲಸ ಮಾತ್ರ

ಸಕಲೇಶಪುರ, ಮೂಡಿಗೆರೆ ಕಡೆ ಮೇ ಕೊನೇ ವಾರ ಬಂತು ಅಂದ್ರೆ ಟೈರ್ ಅಂಗಡಿ ಮುಂದೆ ಪಿಕಪ್‌ಗಳ ಸಾಲು. ಮಳೆ ಹಿಡಿಯೋದ್ರೊಳಗೆ ಹೊಸ ಆಲ್ ಟೆರೇನ್ (ಎ.ಟಿ.) ಟೈರ್ ಹಾಕಿಸ್ಕೊಂಡುಬಿಡೋಣ ಅನ್ನೋ ಆತುರ. ಜೂನ್ ಅರ್ಧ ಆಗೋಷ್ಟ್ರಲ್ಲಿ ಅದೇ ಗಾಡಿಗಳಲ್ಲಿ ಒಂದೆರಡು ತೋಟದ ಏರಲ್ಲಿ ಚರಂಡಿಗೆ ಜಾರ್ಕೊಂಡು ನಿಂತಿರ್ತವೆ, ಟ್ರ್ಯಾಕ್ಟರ್ ತಂದು ಎಳೀಬೇಕು. ಎಳೆಯೋಕೆ ಕರೆದಾಗೆಲ್ಲ ನಾನು ಹಗ್ಗ ಕಟ್ಟೋ ಮುಂಚೆ ಗಾಳಿ ಅಳೆಯೋ ಗೇಜ್ ಇಟ್ಟು ನೋಡ್ತೀನಿ. ಬಹಳ ಸಲ ಹಿಂದಿನ ಚಕ್ರದಲ್ಲಿ 45 ಪಿಎಸ್ಐ ಇರುತ್ತೆ, ಲೋಡ್ ಬಾಡಿ ಮಾತ್ರ ಖಾಲಿ. ಟೈರ್ ಚೆನ್ನಾಗೇ ಇರುತ್ತೆ, ದುಡ್ಡೂ ಸರಿಯಾಗೇ ಸುರಿದಿರ್ತಾರೆ, ಗಾಳಿ ಮಾತ್ರ ಅಂಗಡಿ ಹುಡುಗ ತುಂಬಿದ್ದೇ ಇರುತ್ತೆ. ಅದಕ್ಕೇ ಈ ಲೇಖನದಲ್ಲಿ ಗಾಳಿ ವಿಚಾರ ಉದ್ದಕ್ಕೆ ಬರೀತೀನಿ, ಮಿಕ್ಕಿದ್ದು ಬೇಗ ಮುಗಿಸ್ತೀನಿ.

ಮೊದಲ್ನೇ ಕೆಲಸ ಹಳೇ ಟೈರ್ ಬಿಚ್ಚೋ ಮುಂಚೇನೇ ಶುರು ಆಗುತ್ತೆ, ಇದನ್ನ ಮಾಡೋರು ಸಿಗೋದೇ ಕಮ್ಮಿ. ಒಂದು ಬೆಳಗ್ಗೆ ಹಳೇ ಟೈರಲ್ಲೇ ಗಾಡಿ ತಗೊಂಡು ಹೋಗಿ ಮೂರು ವಿಷಯ ಬರೆದಿಟ್ಕೊಳ್ಳಿ. ಹೆದ್ದಾರಿ ಕಿಲೋಮೀಟರ್ ಕಲ್ಲು ನೋಡ್ಕೊಂಡು 10 ಕಿ.ಮೀ. ಓಡ್ಸಿದ್ರೆ ನಿಮ್ಮ ಮೀಟರ್ ಎಷ್ಟು ತೋರ್ಸುತ್ತೆ. ಯಾರೂ ಇಲ್ಲದ ಒದ್ದೆ ರಸ್ತೇಲಿ 40ರಲ್ಲಿ ಬಂದು ಒಂದು ಗುರುತಿನ ಹತ್ರ ಬ್ರೇಕ್ ಹಾಕಿದ್ರೆ ಎಷ್ಟು ಹೆಜ್ಜೆ ದೂರದಲ್ಲಿ ನಿಲ್ಲುತ್ತೆ. ನಿಮ್ಮದೇ ತೋಟದ ಯಾವ ಏರಲ್ಲಿ, ಯಾವ ಗೇರಲ್ಲಿ ಚಕ್ರ ತಿರುಗೋಕೆ ಶುರು ಆಗುತ್ತೆ. ಇವು ಕೈಲಿಲ್ಲದೆ ಹೊಸ ಟೈರ್ ಹಾಕಿಸಿ "ಸೂಪರ್ ಗ್ರಿಪ್ಪು" ಅಂದ್ರೆ ಯಾವುದಕ್ಕಿಂತ ಸೂಪರ್ ಅಂತ ಹೇಳೋಕೇ ಆಗಲ್ಲ.

ಈಗ ಜಾತಿ ಆರ್ಸೋದು. ಕಂಪನಿಯಿಂದ ಬರೋ ಎಚ್.ಟಿ. (ಹೈವೇ ಟೆರೇನ್) ಟೈರಿನ ಗೀರು ಸಣ್ಣ, ಕೆಮ್ಮಣ್ಣು ಮೆತ್ತಿದ ತಕ್ಷಣ ತುಂಬ್ಕೊಂಡು ತಟ್ಟೆ ಥರ ನುಣ್ಣಗಾಗಿಬಿಡುತ್ತೆ. ಎಂ.ಟಿ. ಅಂದ್ರೆ ಮಡ್ ಟೆರೇನ್, ಕೆಸರಲ್ಲಿ ರಾಜ, ಆದ್ರೆ ಒದ್ದೆ ಡಾಂಬರಲ್ಲಿ ಅದರ ಬ್ರೇಕ್ ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ, ಕೂಗು ಬೇರೆ. ಮಲೆನಾಡಲ್ಲಿ ಎಂ.ಟಿ. ಹಾಕ್ಬೇಡಿ, ಇದು ನನ್ನ ಖಡಾಖಂಡಿತ ಮಾತು. ದಿನಾ ಕೆಸರು ತುಳಿಯೋ ತೋಟದವರೂ ಲೆಕ್ಕ ಹಾಕಿದ್ರೆ ಜಾಸ್ತಿ ಓಡಿಸೋದು ಡಾಂಬರಲ್ಲೇ, ಅದೂ ಮಳೆ ನೀರು ಹರೀತಿರೋ ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ. ಅಲ್ಲಿ ಕಾಪಾಡೋದು ನೆಲ ಕಚ್ಚೋ ರಬ್ಬರ್ ಗುಂಡುಗಳ ಮೇಲಿರೋ ಬ್ಲೇಡಲ್ಲಿ ಗೀರಿದಂಥ ಸಣ್ಣ ಸೀಳುಗಳು, ಅದಕ್ಕೆ ಸೈಪ್ ಅಂತಾರೆ. ಎ.ಟಿ. ಟೈರಲ್ಲೂ ಸೈಪ್ ಜಾಸ್ತಿ ಇರೋದನ್ನೇ ತಗೊಳ್ಳಿ, ಆಮೇಲೆ ತೆಳು ಕಾರ್ಡ್ ತೂರಿಸಿ ನೋಡಿ, ಸೀಳು ಆಳಕ್ಕೆ ಇಳ್ದಿರ್ಬೇಕು, ಮೇಲ್ಮೇಲೆ ಇದ್ರೆ ಅರ್ಧ ಸವೆಯೋಷ್ಟ್ರಲ್ಲಿ ಮಾಯ. ಗೀರಿನ ತಳದಲ್ಲಿ ಸಣ್ಣ ಸಣ್ಣ ಏರು ಇದ್ರೆ ಇನ್ನೂ ಒಳ್ಳೇದು, ಜಲ್ಲಿ ಕಲ್ಲು ಸಿಕ್ಕಾಕ್ಕೊಂಡು ಒಳಗೆ ಕೊರೆಯೋದು ತಪ್ಪುತ್ತೆ.

ಬ್ರಾಂಡ್ ಯಾವುದು ಅಂತ ಎಲ್ಲರೂ ಕೇಳ್ತಾರೆ. ಬಿಎಫ್‌ಗುಡ್ರಿಚ್ ಕೆಒ2, ಯೋಕೊಹಾಮಾ ಜಿಯೋಲ್ಯಾಂಡರ್, ಮ್ಯಾಕ್ಸಿಸ್, ಜನರಲ್ ಗ್ರ್ಯಾಬರ್, ನಮ್ಮ ದೇಶದ್ದೇ ಅಪೊಲೊ ಆಪ್ಟೆರಾ, ಎಂಆರ್‌ಎಫ್ ವಾಂಡರರ್, ಸಿಯೆಟ್ ಕ್ರಾಸ್‌ಡ್ರೈವ್ ಎಲ್ಲದರಲ್ಲೂ ಎ.ಟಿ. ಇದೆ. ನಿಮ್ಮ ಸೈಜ್, ನಿಮ್ಮ ಊರಲ್ಲಿ ಒಂದು ಹರಿದ್ರೆ ವಾರದೊಳಗೆ ಅಂಥದ್ದೇ ಇನ್ನೊಂದು ಸಿಗ್ಬೇಕು, ನಾನು ಮೊದ್ಲು ನೋಡೋದು ಅಷ್ಟೇ. ಪಕ್ಕದಲ್ಲಿ ಮೂರು ಶಿಖರದ ನಡುವೆ ಹಿಮದ ಹೂವು ಅಚ್ಚಾಗಿದ್ರೆ ಅದು ಹಿಮದ ಪರೀಕ್ಷೆ ಪಾಸಾದ ಗುರುತು, ಲಡಾಖಿಗೆ ಹೋಗೋರಿಗೆ ಕೆಲಸಕ್ಕೆ ಬರುತ್ತೆ, ನಮ್ಮ ಕೆಸರಿಗೆ ಅದರಿಂದ ಏನೂ ಗೊತ್ತಾಗಲ್ಲ.

ಸೈಜಲ್ಲಿ ಆಸೆ ಬೇಡ. ನನ್ನದು ಇಸುಝು ವಿ-ಕ್ರಾಸ್, 255/60 ಆರ್18, ಅಂದ್ರೆ 255 ಮಿಲಿಮೀಟರ್ ಅಗಲ, ಅದರಲ್ಲಿ ನೂರಕ್ಕೆ 60 ಭಾಗ ಪಕ್ಕೆಯ ಎತ್ತರ, 18 ಇಂಚಿನ ರಿಮ್. ಇದರ ಎತ್ತರ ಹೆಚ್ಚೂಕಮ್ಮಿ 763 ಮಿಲಿಮೀಟರ್. 265/60 ಆರ್18 ಹಾಕಿದ್ರೆ 775. ಹನ್ನೆರಡು ಮಿಲಿಮೀಟರ್ ಎತ್ತರ ಆಯ್ತು ಅಂತ ಖುಷಿ ಪಡೋರು ಒಂದು ಮರೀತಾರೆ, ಅದರಲ್ಲಿ ಅರ್ಧ ಆಕ್ಸಲ್ ಮೇಲಿನ ಭಾಗಕ್ಕೆ ಹೋಗುತ್ತೆ, ನೆಲದಿಂದ ಗಾಡಿ ಎದ್ದಿದ್ದು ಬರೀ 6. ಅದೇ 245/70 ಆರ್16 ಇರೋ ಗಾಡಿಗೆ 265/70 ಹಾಕಿದ್ರೆ ಮೀಟರಲ್ಲಿ 80 ಇದ್ದಾಗ ನಿಜವಾದ ಸ್ಪೀಡ್ 83, ಪೂರ್ತಿ ಸ್ಟೀರಿಂಗ್ ತಿರುಗಿಸಿದ್ರೆ ಮಡ್‌ಗಾರ್ಡ್‌ಗೆ ತಾಗೋ ಸಾಧ್ಯತೆ ಬೇರೆ. ಒಂದು ಸೈಜ್ ಮೇಲೆ ಸಾಕು, ಅದೂ ಬೇಕಾದ್ರೆ ಮಾತ್ರ. ಚಕ್ರ ಹೊರಗೆ ಕಾಣ್ಲಿ ಅಂತ ರಿಮ್ಮಿಗೂ ಹಬ್ಬಿಗೂ ನಡುವೆ ಕೂರಿಸೋ ಬಿಲ್ಲೆ, ಅಗ್ಗದ ಸ್ಪೇಸರ್ ಹಾಕೋದಂತೂ ಬೇಡವೇ ಬೇಡ, ಅದರ ಪೆಟ್ಟು ಬೇರಿಂಗ್ ಮೇಲೆ, ಬೋಲ್ಟ್ ಮೇಲೆ ಬೀಳುತ್ತೆ.

ಸೈಜ್ ಪಕ್ಕದಲ್ಲಿರೋ ನಂಬರ್ ಓದ್ಲೇಬೇಕು. 108 ಅಂದ್ರೆ ಒಂದು ಟೈರ್ 1000 ಕೆಜಿ ಹೊರುತ್ತೆ, 112 ಅಂದ್ರೆ 1120. ಕಂಪನಿ ಕೊಟ್ಟಿದ್ದಕ್ಕಿಂತ ಕಮ್ಮಿ ನಂಬರ್ ತಗೋಬೇಡಿ. ಸೈಜ್ ಮುಂದೆ ಎಲ್‌ಟಿ ಅಂತ ಇದ್ರೆ ಅದು ದಪ್ಪ ಪಕ್ಕೆಯ ಟೈರು, ಮುರಕಲ್ಲಿನ ಚೂಪಿಗೆ ಬೇಗ ಹರಿಯಲ್ಲ, ಆದ್ರೆ ತೂಕ ಜಾಸ್ತಿ, ಡೀಸೆಲ್ ಜಾಸ್ತಿ, ಅದೇ ಭಾರ ಹೊರೋಕೆ ಗಾಳೀನೂ ಜಾಸ್ತಿ ಬೇಕು. ದಿನಾ ಕಲ್ಲು ರಸ್ತೇಲಿ ಲೋಡ್ ಹೊಡೆಯೋರು ಎಲ್‌ಟಿ ತಗೊಳ್ಳಿ, ಮಿಕ್ಕವರಿಗೆ ಸಾದಾ ಎ.ಟಿ. ಸಾಕು.

ತಾರೀಖು: ಟೈರಿನ ಪಕ್ಕೆ ಮೇಲೆ DOT ಅಂತ ಶುರು ಆಗೋ ಅಕ್ಷರಗಳ ಕೊನೇಲಿ ನಾಲ್ಕು ಅಂಕಿ ಇರುತ್ತೆ, 2324 ಅಂದ್ರೆ 2024ರ 23ನೇ ವಾರ ತಯಾರಾಗಿದ್ದು. ನಾನು ವರ್ಷ ದಾಟಿದ್ದನ್ನ ಮುಟ್ಟಲ್ಲ. 2020ರ ಜೂನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದಿಗೆ ನಿರ್ಬಂಧ ಹಾಕಿದ್ಮೇಲೆ ಫಾರಿನ್ ಟೈರ್ ತಗೊಳ್ಳೋವಾಗ ಹಳೇ ಸ್ಟಾಕ್ ಇರ್ಬಹುದು ಅಂತ ಈ ಅಂಕಿ ನೋಡೋದು ನನಗೆ ಅಭ್ಯಾಸವೇ ಆಗೋಯ್ತು, ಒಂದು ಅಂಗಡೀಲಿ ಹೊಸದು ಅಂತ ಮೂರು ವರ್ಷದ ಟೈರ್ ಕೊಡೋಕೆ ಬಂದಿದ್ರು, ಅಂಕಿ ಓದಿ ಹೇಳಿದ್ಮೇಲೆ ಸುಮ್ನಾದ್ರು. ನಾಲ್ಕೂ ಟೈರ್ ಒಂದೇ ಮಾಡೆಲ್ ಇರ್ಲಿ, ಆಗೋದಾದ್ರೆ ಸ್ಟೆಪ್ನಿ ಸೇರ್ಸಿ ಐದೂ. ಮುಂದೆ ಸವೆದಿದ್ದು ಹಿಂದೆ ಹೊಸದು ಹಾಕ್ಕೊಂಡು ಫೋರ್ ವೀಲಿಗೆ ಹಾಕಿದ್ರೆ ಎರಡು ಆಕ್ಸಲ್ ಬೇರೆ ಬೇರೆ ಸುತ್ತು ಸುತ್ತಿ, ಎರಡಕ್ಕೂ ಎಂಜಿನ್ ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ಒಳಗೆ ಒತ್ತಡ ಕಟ್ಕೊಳ್ಳುತ್ತೆ.

ಹಾಕ್ಸೋದು ಸುಲಭ: ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, 100 ಕಿ.ಮೀ. ಆದ್ಮೇಲೆ ನಟ್ ಇನ್ನೊಂದ್ಸಲ ಟೈಟ್. ನೈಟ್ರೋಜನ್‌ಗೆ ದುಡ್ಡು ಕೊಡ್ಬೇಡಿ, ನಾವು ಉಸಿರಾಡೋ ಗಾಳೀಲೇ 78 ಭಾಗ ನೈಟ್ರೋಜನ್ ಇದೆ. ಪಂಕ್ಚರ್ ಆಗ್ಬಾರ್ದು ಅಂತ ಒಳಗೆ ಸುರಿಯೋ ಅಂಟಿನ ದ್ರವಾನೂ ಬೇಡ, ಬ್ಯಾಲೆನ್ಸ್ ಹಾಳಾಗುತ್ತೆ, ಆಮೇಲೆ ಪ್ಯಾಚ್ ಹಾಕೋ ಹುಡುಗ ಅದನ್ನ ಕೆರೆದು ಕೆರೆದು ಸುಸ್ತಾಗ್ತಾನೆ. ಮೊದಲ 300-500 ಕಿ.ಮೀ. ಮೆತ್ತಗೆ ಓಡ್ಸಿ, ಅಚ್ಚಿನಿಂದ ಟೈರ್ ಬಿಡಿಸೋಕೆ ಬಳ್ದಿರೋ ಜಾರೋ ಪದಾರ್ಥ ಮೇಲ್ಮೈ ಮೇಲೆ ಉಳ್ದಿರುತ್ತೆ, ಅದು ಸವೀಬೇಕು. ಹೊಸ ಟೈರ್ ಹಾಕಿದ ಸಂಜೆನೇ ಚಾರ್ಮಾಡಿ ಇಳಿಯೋಕೆ ಹೋಗ್ಬೇಡಿ.

ಈಗ ಗಾಳಿ.

ಗಾಳಿ ಅಳೆಯೋದು ಬೆಳಗ್ಗೆ, ಗಾಡಿ ರಾತ್ರಿ ಎಲ್ಲ ನೆರಳಲ್ಲಿ ನಿಂತಿದ್ದಾಗ, ಬಿಸಿಲು ಬೀಳೋ ಮುಂಚೆ. ಪೇಟೆಗೆ 20 ಕಿ.ಮೀ. ಓಡ್ಸಿಕೊಂಡು ಹೋಗಿ ಬಂಕಲ್ಲಿ ಹಿಡಿದ್ರೆ ಟೈರ್ ಬಿಸಿಯಾಗಿ ಮೂರ್ನಾಲ್ಕು ಪಿಎಸ್ಐ ಜಾಸ್ತಿ ತೋರ್ಸುತ್ತೆ, ಹುಡುಗ ಜಾಸ್ತಿ ಆಯ್ತು ಅಂತ ಬಿಡ್ತಾನೆ, ಮಾರನೇ ದಿನ ಬೆಳಗ್ಗೆ ನೋಡಿದ್ರೆ ಬೇಕಾದ್ದಕ್ಕಿಂತ ಕಮ್ಮಿ. ಸ್ವಂತ ಗೇಜ್ ಇಟ್ಕೊಳ್ಳಿ, ಯಾವಾಗ್ಲೂ ಅದೇ ಒಂದನ್ನೇ ಬಳಸಿ, ಬಂಕಿನ ಮೆಷಿನ್‌ಗೂ ನಿಮ್ಮದಕ್ಕೂ ವ್ಯತ್ಯಾಸ ಎಷ್ಟು ಅಂತ ಗೊತ್ತಿದ್ರೆ ಸಾಕು.

ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕರ್ ಇರುತ್ತೆ, ಅಲ್ಲಿಂದ ಶುರು ಮಾಡಿ. ಟೈರಿನ ಪಕ್ಕೆ ಮೇಲೆ ಬರ್ದಿರೋ ಮ್ಯಾಕ್ಸ್ ಅನ್ನೋ ಅಂಕಿ ಅದು ತಡ್ಕೊಳ್ಳೋ ಮಿತಿ, ತುಂಬ್ಬೇಕಾದ ಲೆಕ್ಕ ಅಲ್ಲ. ಎಷ್ಟೋ ಜನ ಅದನ್ನೇ ಓದಿ ತುಂಬಿಸ್ತಾರೆ.

ಕಾರಿಗೂ ಪಿಕಪ್‌ಗೂ ಇರೋ ದೊಡ್ಡ ವ್ಯತ್ಯಾಸ ಹಿಂಭಾಗದ್ದು. ಎಂಜಿನ್ ಕೂತಿರೋ ಮುಂಭಾಗದ ಭಾರ ಯಾವಾಗ್ಲೂ ಒಂದೇ, ಹಿಂದೆ ಬೆಳಗ್ಗೆ ಖಾಲಿ, ಮಧ್ಯಾಹ್ನ ಮೂಟೆ. ಲೋಡಿಗೆ ಅಂತ ತುಂಬಿದ ಗಾಳೀಲೇ ಖಾಲಿ ಓಡಿಸಿದ್ರೆ ಟೈರ್ ಮಧ್ಯದ ಪಟ್ಟಿ ಮಾತ್ರ ನೆಲ ಮುಟ್ಟುತ್ತೆ, ಪಟ್ಟೆ ಸ್ಪ್ರಿಂಗ್ ಮೇಲೆ ಹಿಂಭಾಗ ಕುಣಿಯುತ್ತೆ, ಒದ್ದೆ ತಿರುವಲ್ಲಿ ಒಂಚೂರು ಆಕ್ಸಿಲರೇಟರ್ ಒತ್ತಿದ್ರೂ ಹಿಂದೆ ಹೊರಕ್ಕೆ ಜಾರುತ್ತೆ. ನನ್ನ ಗಾಡೀಲಿ ಸಾದಾ ಎ.ಟಿ. ಟೈರಿಗೆ ಮುಂದೆ 32, ಹಿಂದೆ ಖಾಲಿ ಇದ್ರೆ 30, 50 ಕೆಜಿಯ ನಾಲ್ಕು ಮೂಟೆ ಹಾಕಿದ್ರೆ ಹಿಂದೆ 35 ಸರಿ ಬಂದಿದೆ. ಇದನ್ನ ಕಾಪಿ ಹೊಡೀಬೇಡಿ, ನಿಮ್ಮದು ನೀವೇ ಕಂಡ್ಕೋಬೇಕು, ಹೇಗೆ ಅಂತ ಹೇಳ್ತೀನಿ.

ಒಂದು ಸೀಮೆಸುಣ್ಣ ತಗೊಳ್ಳಿ. ಟೈರಿನ ಅಗಲಕ್ಕೆ, ಒಂದು ಅಂಚಿಂದ ಇನ್ನೊಂದು ಅಂಚಿಗೆ ದಪ್ಪ ಗೆರೆ ಎಳೀರಿ, ನಾಲ್ಕೂ ಚಕ್ರಕ್ಕೆ. ಒಣಗಿದ ಡಾಂಬರಲ್ಲಿ ನೆಟ್ಟಗೆ ನೂರಿನ್ನೂರು ಮೀಟರ್ ಹೋಗಿ ಇಳಿದು ನೋಡಿ. ಮಧ್ಯದಲ್ಲಿ ಅಳ್ಸಿ ಅಂಚಲ್ಲಿ ಉಳಿದ್ರೆ ಗಾಳಿ ಜಾಸ್ತಿ, ಅಂಚಲ್ಲಿ ಅಳ್ಸಿ ಮಧ್ಯದಲ್ಲಿ ಉಳಿದ್ರೆ ಕಮ್ಮಿ. ಎರಡೆರಡು ಪಿಎಸ್ಐ ಬದಲಾಯ್ಸಿ ಮತ್ತೆ ಗೆರೆ, ಮತ್ತೆ ಓಡ್ಸಿ, ಅಗಲಕ್ಕೂ ಸಮವಾಗಿ ಅಳ್ಸೋವರ್ಗೂ. ಎ.ಟಿ. ಟೈರಿನ ತೀರಾ ಹೊರಗಿನ ಗುಂಡು ಸ್ವಲ್ಪ ಬಾಗಿರುತ್ತೆ, ಅಲ್ಲಿ ಸುಣ್ಣ ಉಳಿದ್ರೆ ತಲೆ ಕೆಡಿಸ್ಕೋಬೇಡಿ, ಅದರ ಒಳಗಿನ ಸಾಲು ನೋಡಿ. ಖಾಲಿ ಗಾಡೀಲಿ ಒಮ್ಮೆ, ನಿಮ್ಮ ದಿನದ ಲೋಡ್ ಹಾಕಿ ಇನ್ನೊಮ್ಮೆ. ಸ್ಟಿಕರ್ ಹೇಳಿರೋ ಅಂಕಿಗಿಂತ ತುಂಬಾ ಕೆಳಗೆ ಬಂದ್ರೆ ಮಾತ್ರ ಸುಣ್ಣದ ಮಾತು ನಂಬದೆ ಸ್ಟಿಕರ್ ಹತ್ರಕ್ಕೆ ವಾಪಸ್ ಬನ್ನಿ.

ಎರಡನೇ ಪರೀಕ್ಷೆ ಬಿಸಿದು, ಮೊದಲಿನದರ ತಪ್ಪು ಇದು ಹಿಡಿಯುತ್ತೆ. ತಣ್ಣಗಿದ್ದಾಗ ಅಳೆದು ಬರ್ಕೊಳ್ಳಿ, ಹೆದ್ದಾರೀಲಿ ಅರ್ಧ ಗಂಟೆ ಒಂದೇ ಸಮ ಓಡ್ಸಿ, ನಿಲ್ಸಿದ ತಕ್ಷಣ ಮತ್ತೆ ಅಳೀರಿ. ಸಾದಾ ಟೈರಲ್ಲಿ 4 ಪಿಎಸ್ಐ ಆಸುಪಾಸು, ಎಲ್‌ಟೀಲಿ 6 ಆಸುಪಾಸು ಏರಿದ್ರೆ ಸರಿ. ಅದಕ್ಕಿಂತ ಜಾಸ್ತಿ ಏರಿದ್ರೆ ಗಾಳಿ ಕಮ್ಮಿ ಇತ್ತು, ಪಕ್ಕೆ ಜಾಸ್ತಿ ಮಡಚಿ ಬಿಸಿಯಾಗಿದೆ ಅಂತ ಅರ್ಥ, ಬಿಸಿ ಇದೆ ಅಂತ ಅಲ್ಲೇ ಗಾಳಿ ಬಿಡ್ಬೇಡಿ, ಮಾರನೇ ಬೆಳಗ್ಗೆ ತಣ್ಣಗಾದ್ಮೇಲೆ ಎರಡು ಸೇರ್ಸಿ. ಏರಿಕೆ ಒಂದೆರಡು ಅಷ್ಟೇ ಆದ್ರೆ ಮೊದಲೇ ಜಾಸ್ತಿ ಇತ್ತು, ಎರಡು ಇಳ್ಸಿ. ಒಂದೇ ಚಕ್ರ ಮಿಕ್ಕವಕ್ಕಿಂತ ಜಾಸ್ತಿ ಬಿಸಿ ಇದ್ರೆ ಅದು ಗಾಳಿ ಕತೆ ಅಲ್ಲ, ಬ್ರೇಕ್ ಹಿಡ್ಕೊಂಡಿದ್ಯಾ ನೋಡ್ಸಿ.

ಕೆಸರಿನ ಲೆಕ್ಕ ಬೇರೆ. ತೋಟದ ಗೇಟ್ ಹತ್ರ ನಿಲ್ಸಿ 30ರಿಂದ 20ಕ್ಕೆ ಇಳ್ಸಿದ್ರೆ ಟೈರಿನ ಹೆಜ್ಜೆಗುರುತು ಉದ್ದ ಆಗುತ್ತೆ, ಜಾಸ್ತಿ ಗುಂಡು ಮಣ್ಣು ಕಚ್ಚುತ್ತೆ. ನಂಬಿಕೆ ಬರದಿದ್ರೆ ಒದ್ದೆ ಮಣ್ಣಲ್ಲಿ 30ರಲ್ಲಿ ಒಂದು ಅಚ್ಚು, 20ರಲ್ಲಿ ಒಂದು ಅಚ್ಚು ಬಿಟ್ಟು ಗೇಣು ಹಾಕಿ ನೋಡಿ. ಈ ಗಾಳೀಲಿ 30 ಕಿ.ಮೀ. ಸ್ಪೀಡ್ ದಾಟ್ಬೇಡಿ, ಜೋರಾಗಿ ತಿರುಗಿಸ್ಬೇಡಿ, ಗಾಳಿ 15ರ ಕೆಳಗೆ ಇಳಿಸ್ಲೇಬೇಡಿ, ರಿಮ್ಮಿಂದ ಟೈರ್ ಕಳಚುತ್ತೆ. ಲೋಡ್ ಇದ್ದಾಗ ಇಷ್ಟು ಇಳಿಸೋದು ಬೇಡ. ಡಾಂಬರಿಗೆ ಹತ್ತೋ ಮುಂಚೆ ವಾಪಸ್ ತುಂಬ್ಲೇಬೇಕು, ಅದಕ್ಕೆ ಬ್ಯಾಟರಿಗೆ ನೇರ ಕ್ಲಿಪ್ ಹಾಕೋ ಕಂಪ್ರೆಸರ್ ತಗೊಳ್ಳಿ, ಸಿಗರೇಟ್ ಲೈಟರ್‌ಗೆ ಚುಚ್ಚೋ ಆಟಿಕೆ ಸೈಜಿನವು ಎರಡನೇ ಟೈರಿಗೇ ಕಾದು ನಿಂತ್ಹೋಗ್ತವೆ.

ಇಷ್ಟಾದ್ಮೇಲೆ ಮೊದಲು ಬರೆದಿಟ್ಟ ಚೀಟಿ ತೆಗೀರಿ. ಅದೇ ಜಾಗ, ಅದೇ ಲೋಡ್, ಅದೇ 40ರ ಸ್ಪೀಡಲ್ಲಿ ಒದ್ದೆ ಬ್ರೇಕ್. ಹೆಜ್ಜೆ ಜಾಸ್ತಿ ಆಗಿದ್ರೆ ಗಾಳಿ ಮತ್ತೆ ನೋಡಿ, ಆಗ್ಲೂ ಹಾಗೇ ಇದ್ರೆ ಆ ಟೈರ್ ನಿಮ್ಮ ರಸ್ತೆಗೆ ಒಗ್ಗಲ್ಲ, ಮಳೆಗಾಲ ಪೂರ್ತಿ ಜಾಸ್ತಿ ಅಂತರ ಇಟ್ಕೊಂಡೇ ಓಡಿಸ್ಬೇಕು. ಆಮೇಲೆ ತೋಟದ ಏರು: ಹಿಂದೆ ಆಳುಗಳನ್ನ ಕೂರಿಸ್ಕೊಂಡು ಹೋಗ್ಬೇಡಿ, ಒಬ್ಬರು ಹೊರಗೆ ನಿಂತು ಚಕ್ರ ನೋಡ್ಲಿ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆಯೋ ಗೇರ್), ಎರಡನೇ ಗೇರು, ಮೆಲ್ಲಗೆ ಹತ್ತಿ, ಅರ್ಧದಲ್ಲಿ ನಿಲ್ಸಿ, ಮತ್ತೆ ಹೊರಡಿಸಿ. ನಿಂತು ಹೊರಡೋದ್ರಲ್ಲೇ ಟೈರಿನ ಬಂಡವಾಳ ಗೊತ್ತಾಗೋದು, ಓಡಿ ಬಂದು ಹತ್ತಿದ್ರೆ ಬೋಳು ಟೈರೂ ಹತ್ತುತ್ತೆ. ಗೀರಲ್ಲಿ ಮಣ್ಣು ತುಂಬಿದ್ರೆ ಒಂದು ಚಿಕ್ಕ ಆಕ್ಸಿಲರೇಟರ್ ಕೊಡಿ, ಹೊರಗೆ ನಿಂತವರಿಗೆ ಮಣ್ಣು ಉಂಡೆ ಉಂಡೆಯಾಗಿ ಉದುರೋದು ಕಂಡ್ರೆ ಆ ಡಿಸೈನ್ ನಿಮ್ಮ ಮಣ್ಣಿಗೆ ಸರಿ.

8,000 ಕಿ.ಮೀ.ಗೆ ಐದೂ ಟೈರ್ ಜಾಗ ಬದಲಾಯ್ಸಿ. ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್ ಇದ್ರೂ ಮಲೆನಾಡಲ್ಲಿ 4 ಬಂದ್ರೆ ಬಿಚ್ಚಿ, ಅಷ್ಟು ಸವೆದ ಟೈರ್ ಕೆಸರಲ್ಲಿ ಏನೂ ಕಚ್ಚಲ್ಲ. ಜಾಗ ಬದಲಾಯ್ಸೋ ದಿನ ಸ್ಟೆಪ್ನಿ ಗಾಳೀನೂ ಅಳೀರಿ, ಗಾಡಿ ಕೆಳಗೆ ನೇತಾಡೋ ಅದಕ್ಕೆ ಮಳೆಗಾಲದ ಕೆಸರೆಲ್ಲ ಮೆತ್ತಿ ವಾಲ್ವೇ ಕಾಣ್ಸಲ್ಲ, ಇಳ್ಸಿ ತೊಳ್ದೇ ನೋಡ್ಬೇಕು, ಇಳ್ಸೋ ಚೈನಿಗೂ ಒಂಚೂರು ಗ್ರೀಸ್ ಹಚ್ಚಿ.