ಟವರ್ ಕಟ್ಟೋ ಮುಂಚೆ ನೆಲದಡಿ ಏನಿದೆ ಅಂತ ನೋಡೋದು ಹೇಗೆ?

ಅಮೆರಿಕದಲ್ಲಿ ಮೊಬೈಲ್ ಟವರ್ ನಿಲ್ಲಿಸ್ಬೇಕಾ? ಜಾಗ ಸಿಕ್ತು, ಡಿಸೈನ್ ರೆಡಿ ಆಯ್ತು ಅಂತ ನೇರ ಜೆಸಿಬಿ ಇಳಿಸೋ ಹಾಗಿಲ್ಲ. ಕಾಮಗಾರಿಯಿಂದ ಐತಿಹಾಸಿಕ ಜಾಗಗಳಿಗೆ ಧಕ್ಕೆ ಆಗುತ್ತಾ ಅಂತ ಮೊದಲೇ ನೋಡ್ಬೇಕು ಅನ್ನೋ 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 106 ಇದೆಯಲ್ಲ, ಅದು ಟವರ್‌ಗೂ ಅನ್ವಯ ಆಗುತ್ತೆ, ನೋಡ್ಕೊಳ್ಳೋದು ಅಲ್ಲಿನ ಕೇಂದ್ರ ಸಂಪರ್ಕ ಆಯೋಗ, ಅಂದ್ರೆ ಎಫ್‌ಸಿಸಿ. ಲೀಸ್‌ಗೆ ಸೈನ್ ಹಾಕೋ ಮುಂಚೆನೇ ಈ ಪರಿಶೀಲನೆ ಕೆಲಸ ಶುರು ಮಾಡಿ, ಆಮೇಲೆ ಜಾಗ ಬದಲಾಯಿಸೋದು ದುಬಾರಿ.

ಮೊದಲು ಎಷ್ಟು ಜಾಗ ನೋಡ್ಬೇಕು ಅಂತ ಗೆರೆ ಎಳ್ಕೊಳ್ಳಿ. ನೆಲ ಅಗೆಯೋ ಜಾಗ ಅಂದ್ರೆ ಬರೀ ಟವರ್ ಪಾಯ ಅಲ್ಲ, ಬೇಲಿ ಒಳಗಿನ ಕಾಂಪೌಂಡು, ಕೇಬಲ್ ಟ್ರೆಂಚು, ಲಾರಿ ಬರೋಕೆ ಮಾಡೋ ಮಣ್ಣಿನ ರೋಡು ಎಲ್ಲಾ ಸೇರಿ, ಈ ರೋಡನ್ನೇ ಜನ ಮರೆಯೋದು. ಕಣ್ಣಿಗೆ ಕಾಣೋ ವ್ಯಾಪ್ತಿ ಬೇರೆ ಲೆಕ್ಕ: ಟವರ್ 200 ಅಡಿವರೆಗೆ ಇದ್ರೆ ಸುತ್ತ ಅರ್ಧ ಮೈಲಿ, 400 ಅಡಿವರೆಗೆ ಮುಕ್ಕಾಲು ಮೈಲಿ, ಅದಕ್ಕಿಂತ ಎತ್ತರ ಆದ್ರೆ ಒಂದೂವರೆ ಮೈಲಿ. ಅಷ್ಟರೊಳಗೆ ಹಳೇ ಚರ್ಚು, ಹಳೇ ಫಾರ್ಮ್‌ಹೌಸ್ ಇದ್ರೆ ಅಲ್ಲಿಂದ ಟವರ್ ಹೇಗೆ ಕಾಣುತ್ತೆ ಅಂತ ಫೋಟೋ ಸಮೇತ ತೋರಿಸ್ಬೇಕು.

ಆಮೇಲೆ ದಾಖಲೆ ಹುಡುಕಾಟ. ರಾಜ್ಯದ ಸಂರಕ್ಷಣಾ ಕಚೇರಿ ಫೈಲು, ಹಳೇ ಮ್ಯಾಪು, ವಿಮಾನದಿಂದ ತೆಗೆದ ಹಳೇ ಫೋಟೋ. ಮ್ಯಾಪಲ್ಲಿ ಮನೆ ಗುರುತಿದ್ದು ಈಗ ಅಲ್ಲಿ ಬರೀ ಹುಲ್ಲಿದ್ರೆ ಹುಷಾರು, ಬಾವಿ, ಪಾಯ ಇನ್ನೂ ಕೆಳಗೆ ಇರ್ಬಹುದು.

ಫೀಲ್ಡ್ ಕೆಲಸ ಅರ್ಹ ಪುರಾತತ್ವ ತಜ್ಞರದ್ದೇ. ಉತ್ತ ಹೊಲ ಆದ್ರೆ ಸಾಲಾಗಿ ನಡೀತಾ ನೆಲ ನೋಡ್ತಾರೆ, ಹುಲ್ಲು ಕಾಡು ಆದ್ರೆ ಸಲಿಕೆಯಲ್ಲಿ ಸುಮಾರು 30ರಿಂದ 50 ಸೆಂಟಿಮೀಟರ್ ಅಗಲದ ಗುಂಡಿ, ಒಂದರ ಪಕ್ಕ ಒಂದು ಸಮ ಅಂತರದಲ್ಲಿ. ತೆಗೆದ ಮಣ್ಣನ್ನ ಕಾಲು ಇಂಚಿನ ಜಾಲರಿಯಲ್ಲಿ ಜರಡಿ ಹಿಡೀತಾರೆ, ಮಣ್ಣಿನ ಬಣ್ಣನ ಮನ್ಸೆಲ್ ಚಾರ್ಟ್ (ಬಣ್ಣ ಹೋಲಿಸಿ ಗುರುತಿಸೋ ಪಟ್ಟಿ) ಪಕ್ಕ ಇಟ್ಟು ಬರ್ಕೋತಾರೆ. ಜರಡೀಲಿ ಸಿಗೋದು ಹೆಚ್ಚಾಗಿ ಉಗುರಿನಷ್ಟು ಕಲ್ಲಿನ ಚಕ್ಕೆ; ಒಂದು ಬದಿ ನುಣುಪಾಗಿ, ಏಟು ಬಿದ್ದ ತುದಿ ಹತ್ರ ಸಣ್ಣ ಉಬ್ಬು ಇದ್ರೆ ಅದು ಮನುಷ್ಯ ಒಡೆದಿದ್ದು ಅನ್ನೋಕೆ ಒಳ್ಳೇ ಸುಳಿವು, ನಮ್ಮಂಥವರು ಅದನ್ನ ಜಲ್ಲಿ ಅಂತ ಬಿಸಾಕ್ತೀವಿ. ಏನೂ ಸಿಗದ ಗುಂಡಿನೂ ರಿಪೋರ್ಟಲ್ಲಿ ಬರ್ಲೇಬೇಕು.

ಮುಂಚೆನೇ ಅಗೆದು ಹಾಳಾದ ಜಾಗ ಆದ್ರೆ ರಿಯಾಯಿತಿ ಉಂಟು: ಈಗಿನ ಕಾಮಗಾರಿಯ ಆಳಕ್ಕಿಂತ ಕನಿಷ್ಠ 2 ಅಡಿ ಕೆಳಗಿನವರೆಗೂ ನೆಲ ಕದಡಿದೆ ಅಂತ ತೋರಿಸಿದ್ರೆ ಫೀಲ್ಡ್ ಸರ್ವೆ ಬೇಡದೇ ಇರ್ಬಹುದು.

ಇದರ ಜೊತೆಗೇ ಟವರ್ ಕಟ್ತೀವಿ ಅಂತ ಮೊದಲೇ ತಿಳಿಸೋಕಿರೋ ಎಫ್‌ಸಿಸಿಯ ಟಿಸಿಎನ್‌ಎಸ್ ಸಿಸ್ಟಮ್ ಮೂಲಕ ಮೂಲನಿವಾಸಿ ಬುಡಕಟ್ಟುಗಳಿಗೆ ನೋಟಿಸ್ ಹೋಗ್ಬೇಕು. ಪವಿತ್ರ ಬೆಟ್ಟ ಸಲಿಕೆಗೆ ಸಿಗಲ್ಲ, ಅವರನ್ನ ಕೇಳಿದ್ರೇನೇ ಗೊತ್ತಾಗೋದು. ತಜ್ಞರ ರಿಪೋರ್ಟ್ ಇದೆಯಲ್ಲ ಸಾಕು ಅಂತ ಇದನ್ನ ಬಿಡೋಕಾಗಲ್ಲ.

ಎಲ್ಲಾ ಸೇರಿಸಿ ಹೊಸ ಟವರ್‌ಗೆ ಫಾರ್ಮ್ 620 ತುಂಬಿ ರಾಜ್ಯದ ಕಚೇರಿಗೆ ಕೊಡಿ, ಪರಿಶೀಲನೆಗೆ ಅವರಿಗೆ 30 ದಿನ ಟೈಮು. ಐತಿಹಾಸಿಕ ಜಾಗಕ್ಕೆ ಧಕ್ಕೆ ಇದೆ ಅಂದ್ರೆ ಟವರ್ ಸರಿಸೋದು, ಎತ್ತರ ಇಳಿಸೋದು, ಮರದ ಥರ ಮರೆಮಾಡೋದು, ಹೀಗೆ ಮಾತುಕತೆ.

ಒಪ್ಪಿಗೆ ಸಿಕ್ಕ ಮೇಲೂ ಅಗೆಯುವಾಗ ಮೂಳೆನೋ ಹಳೇ ಗೋಡೆನೋ ಕಂಡ್ರೆ ಅಲ್ಲೇ ಕೆಲಸ ನಿಲ್ಲಿಸಿ, ಎಫ್‌ಸಿಸಿಗೆ, ರಾಜ್ಯದ ಕಚೇರಿಗೆ, ಸಂಬಂಧಪಟ್ಟ ಬುಡಕಟ್ಟಿಗೆ ತಕ್ಷಣ ತಿಳಿಸಿ.