ಪಿಯಾನೊ ಕೊಳ್ಳುವ ಮುಂಚೆ ಮೆಲ್ಲಗೆ ನುಡಿಸಿ ನೋಡಿ

ನನ್ನ ಮಗಳು ಮೊದಲ ಎರಡು ವರ್ಷ ಪಿಯಾನೊ ಕಲಿತದ್ದು 61 ಕೀಗಳ ಹಗುರ ಕೀಬೋರ್ಡಿನ ಮೇಲೆ. "ಮಕ್ಕಳಿಗೆ ಇದೇ ಸಾಕು ಮೇಡಂ, ಟಚ್ ಸೆನ್ಸಿಟಿವ್ ಇದೆ" ಅಂತ ಅಂಗಡಿಯವರು ಹೇಳಿದ್ದರು. ನಂಬಿ ತಂದೆವು. ಮನೆಯಲ್ಲಿ ಚೆನ್ನಾಗಿಯೇ ನುಡಿಸುತ್ತಿದ್ದಳು. ಒಂದು ದಿನ ಟೀಚರ್ ತಮ್ಮ ಮನೆಯ ನಿಜವಾದ ಪಿಯಾನೊ ಮುಂದೆ ಅವಳನ್ನು ಕೂರಿಸಿದರು. ಅದೇ ಪಾಠ, ಅವೇ ಬೆರಳು. ಅರ್ಧ ಸ್ವರ ಕೇಳಿಸಲೇ ಇಲ್ಲ. ಉಳಿದವು ದಬದಬ ಅಂದವು. ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಅಮ್ಮಾ, ಇದು ತುಂಬಾ ಭಾರ" ಅಂದಳು.

ಆಮೇಲೆ ಅವಳ ಬೆರಳು ಹದಕ್ಕೆ ಬರಲು ಆರೇಳು ತಿಂಗಳು ಹಿಡಿಯಿತು. ಡಿಜಿಟಲ್, ಅಂದರೆ ಕರೆಂಟಿನಿಂದ ನಡೆಯುವ ಪಿಯಾನೊ ಕೊಳ್ಳಹೊರಟ ನಿಮ್ಮ ಮನೆಯಲ್ಲಿ ಆ ಆರೇಳು ತಿಂಗಳು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹಾರ್ಮೋನಿಯಂ ಬೇರೆ, ಪಿಯಾನೊ ಬೇರೆ

ಹಾರ್ಮೋನಿಯಂ ಬಲ್ಲವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಅದರ ಕೀ ಒತ್ತಿದರೆ ಗಾಳಿಗೆ ದಾರಿ ತೆರೆಯುತ್ತದೆ, ಅಷ್ಟೇ. ದನಿ ಏರಿಸುವುದು, ಇಳಿಸುವುದು ಎಲ್ಲ ತಿದಿ ಒತ್ತುವ ಕೈಯ ಕೆಲಸ. ಪಿಯಾನೊಗೆ ತಿದಿ ಇಲ್ಲ. ಕೀ ಒತ್ತಿದಾಗ ಒಳಗೆ ಫೆಲ್ಟ್ ಸುತ್ತಿದ ಒಂದು ಸುತ್ತಿಗೆ ಚಿಮ್ಮಿ ತಂತಿಗೆ ಬಡಿದು ವಾಪಸ್ ಬೀಳುತ್ತದೆ. ಬೆರಳು ಎಷ್ಟು ವೇಗವಾಗಿ ಇಳಿಯಿತೋ ಸುತ್ತಿಗೆ ಅಷ್ಟು ಜೋರಾಗಿ ಬಡಿಯುತ್ತದೆ. ಇಟಲಿಯ ಫ್ಲಾರೆನ್ಸಿನಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಈ ವಾದ್ಯ ಕಟ್ಟಿದ. ಮೆಲುದನಿ, ಜೋರುದನಿ ಎರಡೂ ಬೆರಳಿನಿಂದಲೇ ಬರುವುದು ಅದರ ಹೊಸತನ. ಹೆಸರಿನಲ್ಲೇ ಅದಿದೆ. ಇಟಾಲಿಯನ್ ಭಾಷೆಯಲ್ಲಿ 'ಪಿಯಾನೊ' ಅಂದರೆ ಮೆಲ್ಲಗೆ.

ಡಿಜಿಟಲ್ ಪಿಯಾನೊದಲ್ಲಿ ತಂತಿ ಇಲ್ಲ. ಆದರೆ ಒಳ್ಳೆಯದಾದರೆ ಪ್ರತಿ ಕೀ ಜೊತೆಗೂ ಒಂದು ಪುಟ್ಟ ತೂಕ ಇರುತ್ತದೆ. ಕೀ ಒತ್ತಿದರೆ ಅದು ಮೇಲೇಳುತ್ತದೆ, ಬಿಟ್ಟರೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಕೀ ಕೆಳಗೆ ಎರಡೋ ಮೂರೋ ಸೆನ್ಸರ್ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಬೆರಳು ಎಷ್ಟು ಹೊತ್ತಿನಲ್ಲಿ ಇಳಿಯಿತು ಅಂತ ಅವು ಅಳೆಯುತ್ತವೆ. ಅದರಿಂದ ದನಿ ಎಷ್ಟು ಜೋರು ಅಂತ ತೀರ್ಮಾನವಾಗುತ್ತದೆ.

ಈಗ ಡಬ್ಬದ ಮೇಲಿನ ಮಾತುಗಳನ್ನು ಬಿಡಿಸೋಣ. 'ಟಚ್ ಸೆನ್ಸಿಟಿವ್' ಅಂದರೆ ಸೆನ್ಸರ್ ಇದೆ ಅಂತ ಮಾತ್ರ. ತೂಕ ಇದೆ ಅಂತಲ್ಲ. 'ಸೆಮಿ ವೆಯ್ಟೆಡ್' ಅಂದರೆ ಸ್ಪ್ರಿಂಗ್ ಜೊತೆ ಸ್ವಲ್ಪ ಭಾರ ಸೇರಿಸಿದ್ದು. ನಿಮಗೆ ಬೇಕಾದ್ದು 'ಹ್ಯಾಮರ್ ಆ್ಯಕ್ಷನ್' ಅಥವಾ 'ಫುಲ್ಲಿ ವೆಯ್ಟೆಡ್', 88 ಕೀ. ಮುಂದೆ 'ಗ್ರೇಡೆಡ್' ಅಂತಲೂ ಇದ್ದರೆ ಎಡಗಡೆಯ ಮಂದ್ರದ ಕೀಗಳು ಜಾಸ್ತಿ ಭಾರ, ಬಲಕ್ಕೆ ಹೋದಂತೆ ಹಗುರ. ನಿಜವಾದ ಪಿಯಾನೊದಲ್ಲೂ ಹಾಗೇ ಇರುತ್ತದೆ.

ಹೊರಡುವ ಮುಂಚೆ ಎರಡು ಕೆಲಸ

ಒಂದು, ಟೇಪ್ ತೆಗೆದುಕೊಂಡು ಗೋಡೆ ಅಳೆಯಿರಿ. 88 ಕೀಗಳ ಪಿಯಾನೊ ಯಾವ ಕಂಪನಿಯದಾದರೂ ಸುಮಾರು 1.3 ಮೀಟರ್ ಉದ್ದ ಇರುತ್ತದೆ. ಅದರಲ್ಲಿ ಉಳಿಸುವ ದಾರಿ ಇಲ್ಲ. ಬದಲಾಗುವುದು ಮುಂದಿನಿಂದ ಹಿಂದಕ್ಕೆ ಇರುವ ಅಗಲ ಮತ್ತು ತೂಕ. ನಮ್ಮ ಆಟೋಗಳ ಅಗಲವೂ ಹೆಚ್ಚುಕಡಿಮೆ 1.3 ಮೀಟರೇ. ಡಬ್ಬ ಪಿಯಾನೊಗಿಂತ ಉದ್ದ, ಅಡ್ಡ ಇಟ್ಟರೆ ಎರಡೂ ಕಡೆ ಹೊರಗೆ ಚಾಚುತ್ತದೆ. ಕಾರು ಇಲ್ಲದಿದ್ದರೆ ಅಂಗಡಿಯವರೇ ಮನೆಗೆ ತಲುಪಿಸುತ್ತಾರಾ ಅಂತ ಮೊದಲೇ ಕೇಳಿ. ಎರಡನೇ ಮಹಡಿಯ ಬಾಡಿಗೆ ಮನೆಗೆ ಹೊರಗಿನ ಕಿರಿದಾದ ಮೆಟ್ಟಿಲು ಇದ್ದರೆ, ಅದರ ತಿರುವನ್ನೂ ಒಮ್ಮೆ ನೋಡಿಕೊಳ್ಳಿ.

ಎರಡು, ಒಂದು ನಿಜವಾದ ಪಿಯಾನೊ ಮುಟ್ಟಿ ಬನ್ನಿ. ಟೀಚರ್ ಮನೆಯದಾಗಲಿ, ಪರಿಚಯದವರದಾಗಲಿ. ಐದೇ ನಿಮಿಷ ಸಾಕು. ಬೆರಳಿಗೆ ಆ ಭಾರ ನೆನಪಿದ್ದರೆ ಅಂಗಡಿಯಲ್ಲಿ ಯಾರ ಮಾತೂ ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ. ಯಾರೂ ಗೊತ್ತಿಲ್ಲದಿದ್ದರೆ ಪಾಶ್ಚಾತ್ಯ ಸಂಗೀತ ಕಲಿಸುವ ಶಾಲೆಗಳಲ್ಲಿ ವಿಚಾರಿಸಿ. ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ 1987ರಿಂದ ಇದೆ. ಊರಿನಲ್ಲಿ ಮನೆಪಾಠ ಹೇಳುವ ಟೀಚರುಗಳೂ ಬೇಕಾದಷ್ಟು ಜನ ಇದ್ದಾರೆ.

"ಪಿಯಾನೊ ನಮ್ಮದಲ್ಲವಲ್ಲ" ಅಂತ ಹಿಂಜರಿಯುವವರಿಗೆ ಒಂದು ಮಾತು. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ ಅದೇ ಕೈ ಅದು. ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನ ಕಳೆಯುತ್ತಿದ್ದಾಗ, 1940ರ ದಶಕದ ಕೊನೆಗೆ, ಅವರ ಕೃತಿಗಳು ರೆಕಾರ್ಡ್ ಆದದ್ದು ಮೈಸೂರಿನ ಇದೇ ಮಹಾರಾಜರ ಹಣದಿಂದ. ಈ ವಾದ್ಯ ನಮ್ಮ ನಾಡಿಗೆ ಬಂದು ಬಹಳ ಕಾಲವಾಯಿತು.

ಅಂಗಡಿಯಲ್ಲಿ ಅರ್ಧ ಗಂಟೆ

ನಿಂತುಕೊಂಡು ನೋಡಬೇಡಿ. ಸ್ಟೂಲ್ ಕೇಳಿ, ಕೂತುಕೊಳ್ಳಿ. ಮನೆಯಿಂದ ನಿಮ್ಮದೇ ತಂತಿಯ ಹೆಡ್‌ಫೋನ್ ಒಯ್ದಿದ್ದರೆ ಇನ್ನೂ ಒಳ್ಳೆಯದು. ಒಂದೇ ಹೆಡ್‌ಫೋನಿನಲ್ಲಿ ಕೇಳಿದರೆ ಎರಡು ಪಿಯಾನೊಗಳ ವ್ಯತ್ಯಾಸ ಸರಿಯಾಗಿ ತಿಳಿಯುತ್ತದೆ. ಸದ್ದುಗಳ ಪಟ್ಟಿಯಲ್ಲಿ ಮೊದಲು ಬರುವ ಪಿಯಾನೊ ಸದ್ದನ್ನೇ ಇಟ್ಟುಕೊಂಡು 'ರಿವರ್ಬ್', ಅಂದರೆ ಪ್ರತಿಧ್ವನಿ, ತೆಗೆಸಿ. ಅದು ಬಚ್ಚಲುಮನೆಯಲ್ಲಿ ಹಾಡಿದ ಹಾಗೆ ಎಲ್ಲವನ್ನೂ ಇಂಪಾಗಿಸಿಬಿಡುತ್ತದೆ.

ಈಗ ನಡುವಿನ ಒಂದು ಬಿಳಿ ಕೀ ತೆಗೆದುಕೊಳ್ಳಿ. ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ ಒತ್ತಿ. ಸದ್ದು ಬಂತಾ? ಇನ್ನೊಮ್ಮೆ ಒತ್ತಿ. ಹತ್ತು ಸಲ ಒತ್ತಿದರೆ ಹತ್ತು ಸಲವೂ ಅದೇ ಮೆಲುದನಿ ಬರಬೇಕು. ನಾಲ್ಕು ಸಲ ಬಂದು, ಎರಡು ಸಲ ಮಾಯವಾಗಿ, ಒಂದು ಸಲ ಥಟ್ಟನೆ ಜೋರಾದರೆ ಆ ಪಿಯಾನೊ ನಿಮ್ಮ ಬೆರಳಿನ ಮಾತು ಕೇಳುತ್ತಿಲ್ಲ. ನಾನು ಈಗ ಎಲ್ಲಕ್ಕಿಂತ ಮೊದಲು ಮಾಡುವ ಪರೀಕ್ಷೆ ಇದೇ. ಜೋರಾಗಿ ನುಡಿಸಿದರೆ ಎಲ್ಲ ಪಿಯಾನೊಗಳೂ ಚೆನ್ನಾಗಿಯೇ ಕೇಳಿಸುತ್ತವೆ. ವ್ಯತ್ಯಾಸ ಗೊತ್ತಾಗುವುದು ಮೆಲ್ಲಗೆ ನುಡಿಸಿದಾಗ. ಆಮೇಲೆ ಐದು ಸ್ವರಗಳನ್ನು ಸಾಲಾಗಿ, ಮೆಲ್ಲಗೆ ಶುರುಮಾಡಿ ಜೋರಿಗೆ ಏರಿಸಿ. ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಏರಬೇಕು. ಮಧ್ಯೆ ಹಾರಬಾರದು.

ಮುಂದಿನದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೀಯ ಅಂಚಿನಲ್ಲಿ ಒತ್ತಿ ನೋಡಿ. ನಂತರ ಬೆರಳನ್ನು ಒಳಗೆ ತಳ್ಳಿ, ಕರಿ ಕೀಗಳ ಸಂದಿಯಲ್ಲಿ, ಬಿಳಿ ಕೀಯ ಹಿಂಭಾಗದಲ್ಲಿ ಒತ್ತಿ. ಏತದ ಮರದ ಹಾಗೆಯೇ ಕೀ ಕೂಡ ಒಂದು ಕಡೆ ಆಧಾರದ ಮೇಲೆ ತೂಗುತ್ತದೆ. ಆಧಾರದ ಹತ್ತಿರ ಒತ್ತಿದಷ್ಟೂ ಜಾಸ್ತಿ ಬಲ ಬೇಕು. ಗ್ರ್ಯಾಂಡ್ ಪಿಯಾನೊದ ಕೀ ಒಳಗೆ ಬಹಳ ಉದ್ದ ಇರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಸುಲಭವಾಗಿ ಎತ್ತಿಡುವಂತೆ ಮಾಡಿದ ಪಿಯಾನೊದಲ್ಲಿ ಕೀ ಗಿಡ್ಡ. ಪೆಟ್ಟಿಗೆ ಕಿರಿದಾದಷ್ಟೂ ಒಳಗಿನ ಭಾಗ ಬಿಗಿ. ಮೊದಲ ವರ್ಷದ ಪಾಠಗಳಲ್ಲಿ ಇದು ಗೊತ್ತಾಗುವುದಿಲ್ಲ. ಕರಿ ಕೀಗಳು ಜಾಸ್ತಿ ಇರುವ ಪಾಠಕ್ಕೆ ಬಂದಾಗ ಹೆಬ್ಬೆರಳು ನೋಯುತ್ತದೆ.

ಒಂದೇ ಕೀಯನ್ನು ಎರಡು ಬೆರಳಿನಿಂದ ಬೇಗಬೇಗ ಒತ್ತಿ. ಮೂರು ಸೆನ್ಸರ್ ಇದ್ದರೆ ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಮತ್ತೆ ಒತ್ತಿದರೂ ಸ್ವರ ಬರುತ್ತದೆ. ಕೊನೆಗೆ ಮಂದ್ರದ ಒಂದು ಸ್ವರ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೇಳಿ. ದನಿ ನಿಧಾನಕ್ಕೆ ಕರಗುತ್ತಾ ಹೋಗಬೇಕು. ಒಂದೇ ತುಣುಕು ಮತ್ತೆ ಮತ್ತೆ ಸುತ್ತಿದ ಹಾಗೆ ಕೇಳಿಸಿದರೆ ಬೇಡ.

ಯಾವ ಮಾದರಿಗೆ ಏನು ಗುಣ

ಎಲ್ಲೆಡೆ ಕೇಳಿಬರುವ ಕೆಲವು ಹೆಸರು ಹೇಳುತ್ತೇನೆ. ಯಮಾಹಾ ಪಿ-145 ಸುಮಾರು 11 ಕಿಲೊ. ಅದರ ಕೀ ಸ್ವಲ್ಪ ಹಗುರ. ರೋಲಂಡ್ ಎಫ್‌ಪಿ-10 ಸುಮಾರು 12 ಕಿಲೊ. ಕೀ ಭಾರ, ಮೂರು ಸೆನ್ಸರ್ ಇದೆ. ಅದರ ಅಣ್ಣ ಎಫ್‌ಪಿ-30ಎಕ್ಸ್‌ಗೆ ಕೀ ಅದೇ. ಸ್ಪೀಕರ್ ಮಾತ್ರ ದೊಡ್ಡದು, ತೂಕ ಸುಮಾರು 15 ಕಿಲೊ. ಕ್ಯಾಸಿಯೊ ಸಿಡಿಪಿ-ಎಸ್110 ಹತ್ತೂವರೆ ಕಿಲೊ, ಪಿಎಕ್ಸ್-ಎಸ್1100 ಹನ್ನೊಂದು ಚಿಲ್ಲರೆ. ಇವೆರಡೂ ಬಹಳ ಕಿರಿದು. ಮುಂದಿನಿಂದ ಹಿಂದಕ್ಕೆ ಬರೀ 23 ಸೆಂಟಿಮೀಟರ್. ಎಫ್‌ಪಿ-30ಎಕ್ಸ್ 28 ಇದೆ. ಮೇಲೆ ಹೇಳಿದ ಒಳಭಾಗದ ಪರೀಕ್ಷೆ ಕ್ಯಾಸಿಯೊಗೆ ತಪ್ಪದೇ ಮಾಡಿ. ಕವಾಯ್ ಇಎಸ್120 ಕೂಡ ಸುಮಾರು 12 ಕಿಲೊ. ಸಿಕ್ಕರೆ ಖಂಡಿತ ಕೂತು ನುಡಿಸಿ ನೋಡಿ.

ದಿನಾ ಒಂದು ಗಂಟೆ ಕೂತು ಪಾಶ್ಚಾತ್ಯ ಶಾಸ್ತ್ರೀಯ ಪಾಠ ಮಾಡುವ ಮಗುವಿಗಾದರೆ ನನ್ನ ಒಲವು ರೋಲಂಡ್ ಕೀ ಕಡೆಗೆ. ವಯಸ್ಸಾದವರು, ಬೆರಳ ಗಂಟು ನೋಯುವವರು, ಸಂಜೆ ನಾಲ್ಕು ಭಾವಗೀತೆ ನುಡಿಸಿಕೊಳ್ಳುವವರು ಯಮಾಹಾದ ಹಗುರ ಕೀ ತೆಗೆದುಕೊಂಡರೆ ಹಾಯಾಗಿರುತ್ತದೆ.

'ಪಾಲಿಫೋನಿ' ಅಂದರೆ ಒಂದೇ ಹೊತ್ತಿಗೆ ಎಷ್ಟು ಸ್ವರ ಮೊಳಗಬಲ್ಲದು ಅಂತ. ಪಿ-145 ಮತ್ತು ಸಿಡಿಪಿ-ಎಸ್110ರಲ್ಲಿ 64, ಎಫ್‌ಪಿ-10ರಲ್ಲಿ 96, ಪಿಎಕ್ಸ್-ಎಸ್1100 ಮತ್ತು ಇಎಸ್120ರಲ್ಲಿ 192, ಎಫ್‌ಪಿ-30ಎಕ್ಸ್‌ನಲ್ಲಿ 256. ಬೆರಳು ಹತ್ತೇ ಇರುವಾಗ ಯಾಕೆ ಇಷ್ಟು? ಕಾಲಿನ ಪೆಡಲ್ ಒತ್ತಿ ಹಿಡಿದರೆ ಹಳೆಯ ಸ್ವರಗಳೂ ಉಳಿದುಕೊಳ್ಳುತ್ತವೆ, ಹೊಸವು ಸೇರುತ್ತಾ ಹೋಗುತ್ತವೆ. ಕಲಿಯುವವರಿಗೆ 64 ಸಾಕು. ನೂರಾರು ಟೋನ್, ತಾಳದ ಗುಂಡಿ, ಮಿನುಗುವ ದೀಪ ಇವುಗಳಿಗೆ ದುಡ್ಡು ಕೊಡಬೇಡಿ. ಟ್ರಾನ್ಸ್‌ಪೋಸ್ ಮಾತ್ರ ನಮ್ಮವರಿಗೆ ಬಹಳ ಉಪಯೋಗ. ಹಾಡುವವರ ಶ್ರುತಿಗೆ ಪಿಯಾನೊವನ್ನೇ ಏರಿಸಿ ಇಳಿಸಿಕೊಳ್ಳಬಹುದು. ಗಮಕ ಮಾತ್ರ ಈ ವಾದ್ಯದಲ್ಲಿ ಬರುವುದಿಲ್ಲ. ಸ್ವರಗಳ ಜಾಗ ನಿಶ್ಚಿತ.

ಸ್ಟ್ಯಾಂಡು, ಪೆಡಲ್ಲು, ಮಣೆ

ಕೈಯಲ್ಲಿರುವ ಹಣ ಪೂರ್ತಿ ಪಿಯಾನೊಗೇ ಸುರಿಯಬೇಡಿ. ಊಟದ ಮೇಜಿನ ಮೇಲೆ ಇಡೋಣ ಅಂದುಕೊಂಡರೆ ಆಗುವುದಿಲ್ಲ. ಮೇಜೇ ಸುಮಾರು 75 ಸೆಂಟಿಮೀಟರ್ ಎತ್ತರ, ಅದರ ಮೇಲೆ ಪಿಯಾನೊ. ಭುಜ ಎತ್ತಿಕೊಂಡೇ ನುಡಿಸಬೇಕಾಗುತ್ತದೆ, ಕುತ್ತಿಗೆ ಹಿಡಿಯುತ್ತದೆ. ಬಿಳಿ ಕೀಯ ಮೇಲ್ಭಾಗ ನೆಲದಿಂದ 72-73 ಸೆಂಟಿಮೀಟರ್ ಇರಬೇಕು, ಕೂತಾಗ ಮೊಣಕೈ ಅದರ ಮಟ್ಟಕ್ಕೆ ಬರಬೇಕು. ಕತ್ತರಿಯ ಹಾಗೆ ಮಡಚುವ ಸ್ಟ್ಯಾಂಡ್ ಅಗ್ಗ, ಆದರೆ ಮಂಡಿಗೆ ತಾಗುತ್ತದೆ, ಜೋರಾಗಿ ನುಡಿಸಿದರೆ ಅಲುಗಾಡುತ್ತದೆ. ಅದೇ ಕಂಪನಿಯ ಮರದ ಸ್ಟ್ಯಾಂಡ್ ಇಲ್ಲವೇ ಗಟ್ಟಿಯಾದ ಮೇಜಿನಂಥ ಸ್ಟ್ಯಾಂಡ್ ಒಳ್ಳೆಯದು. ಮಗುವಿನ ಕಾಲು ನೆಲಕ್ಕೆ ಎಟುಕದಿದ್ದರೆ ಅಡುಗೆಮನೆಯ ಮಣೆ ಕಾಲ ಕೆಳಗಿಡಿ. ಕಾಲು ತೂಗಾಡುತ್ತಿದ್ದರೆ ಬೆನ್ನು ನಿಲ್ಲುವುದಿಲ್ಲ.

ಡಬ್ಬದಲ್ಲಿ ಬರುವ ಚಿಕ್ಕ ಚಪ್ಪಟೆ ಪೆಡಲ್ ಸ್ವಿಚ್ಚಿನಂತೆ. ಒತ್ತಿದಾಗೆಲ್ಲ ಜಾರಿ ಗೋಡೆಗೆ ಹೋಗುತ್ತದೆ. ಪಿಯಾನೊ ಆಕಾರದ ಲೋಹದ ಪೆಡಲ್ ಬೇರೆ ತೆಗೆದುಕೊಳ್ಳಿ. ನಿಮ್ಮ ಮಾದರಿಗೆ ಹೊಂದುತ್ತದಾ, ಅರ್ಧ ಒತ್ತಿದರೆ ಅರ್ಧ ಹಿಡಿಯುತ್ತದಾ ಅಂತ ಅಲ್ಲೇ ಪರೀಕ್ಷಿಸಿ.

ಕೆಳಗಿನ ಮನೆಯವರು, ಮೇಲಿನ ಮಳೆ

ಹೆಡ್‌ಫೋನ್ ಹಾಕಿದರೆ ಯಾರಿಗೂ ತೊಂದರೆ ಇಲ್ಲ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಕೀಗಳ ಟಕ್ ಟಕ್ ಪೆಟ್ಟು ಸ್ಟ್ಯಾಂಡಿನ ಕಾಲಿನಿಂದ ನೆಲಕ್ಕೆ, ನೆಲದಿಂದ ಕೆಳಗಿನ ಮನೆಯ ತಾರಸಿಗೆ ಇಳಿಯುತ್ತದೆ. ಕೆಳಗಿನ ಮನೆಯ ಆಂಟಿ ಬಂದು ಹೇಳಿದಾಗಲೇ ತಿಳಿದದ್ದು. ಸ್ಟ್ಯಾಂಡಿನ ಕಾಲಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ಸರಿಹೋಯಿತು. ಅಂಗಡಿಯಲ್ಲಿ ವಾಲ್ಯೂಮ್ ಸೊನ್ನೆಗಿಟ್ಟು ನುಡಿಸಿ, ಬರೀ ಕೀ ಸದ್ದನ್ನೂ ಕೇಳಿಸಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಬೇಡ. ಬೆರಳು ಒತ್ತಿದ ಮೇಲೆ ಸ್ವರ ತಡವಾಗಿ ಬಂದರೆ ತಾಳ ಕೆಡುತ್ತದೆ.

ಇವು ಎಳೆಯುವ ಕರೆಂಟು ಕೆಲವೇ ವ್ಯಾಟ್. ಮನೆಯ ಯುಪಿಎಸ್ ಮೇಲೆ ಆರಾಮಾಗಿ ನಡೆಯುತ್ತದೆ. ಮೇಲೆ ಹೇಳಿದ ಎರಡೂ ಕ್ಯಾಸಿಯೊ ಮಾದರಿ ಆರು ಎಎ ಸೆಲ್ ಹಾಕಿದರೂ ನಡೆಯುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಪ್ಲಗ್ ಕಿತ್ತುಬಿಡಿ. ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಡುತ್ತಾರೆ ಅಂದರೆ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದೆಯಾ ನೋಡಲು ಹೇಳಿ. 120 ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ವಾರಂಟಿ ಇಲ್ಲಿ ನಡೆಯುತ್ತದಾ ಅಂತಲೂ ಕೇಳಿಕೊಳ್ಳಿ. ರಸ್ತೆ ಪಕ್ಕದ ಮನೆಯಾದರೆ ಧೂಳು ಜಾಸ್ತಿ. ಹಳೆಯ ಹತ್ತಿ ಸೀರೆ ನಾಲ್ಕು ಮಡಿಕೆ ಮಾಡಿ ಮುಚ್ಚಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಆದರೆ

ಕೆಲಸ ಬದಲಾಗಿ ಊರು ಬಿಡುವವರು ಬೆಂಗಳೂರಿನಲ್ಲಿ ಜಾಸ್ತಿ. ಹಾಗಾಗಿ ಒಳ್ಳೆಯ ಹಳೆಯ ಪಿಯಾನೊ ಸಿಗುತ್ತವೆ. ಎಡದಿಂದ ಬಲಕ್ಕೆ 88 ಕೀಗಳನ್ನೂ, ಕರಿ ಬಿಳಿ ಒಂದೂ ಬಿಡದೆ, ಒಂದೇ ಮೆಲುದನಿಯಲ್ಲಿ ಒತ್ತುತ್ತಾ ಹೋಗಿ. ಎಲ್ಲೋ ಒಂದು ಕೀ ಇದ್ದಕ್ಕಿದ್ದಂತೆ ಕಿರುಚಿದರೆ ಅಥವಾ ಮಾತೇ ಆಡದಿದ್ದರೆ ಕೆಳಗಿನ ರಬ್ಬರ್ ಕಾಂಟ್ಯಾಕ್ಟಿನಲ್ಲಿ ಧೂಳು ಕೂತಿದೆ ಇಲ್ಲವೇ ಅದು ಸವೆದಿದೆ. ರಿಪೇರಿ ಆಗುತ್ತದೆ. ಆದರೆ ಬೆಲೆ ಮಾತಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಮೂಲ ಅಡಾಪ್ಟರ್ ಮತ್ತು ಬಿಲ್ ಕೇಳಿ ಪಡೆಯಿರಿ.

ಹೊಸದಾದರೂ ಮನೆಗೆ ಬಂದ ದಿನವೇ ಇದೇ ರೀತಿ 88 ಕೀ ಒತ್ತಿ ನೋಡಿ. ತೊಂದರೆ ಇದ್ದರೆ ಬದಲಿಸಿಕೊಳ್ಳಲು ಆಗ ಸುಲಭ. ಡಬ್ಬ, ಒಳಗಿನ ಥರ್ಮೋಕೋಲ್ ಎಸೆಯಬೇಡಿ, ಅಟ್ಟದ ಮೇಲೆ ಹಾಕಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಬದಲಿಸುವಾಗ ಪಿಯಾನೊಗೆ ಅದಕ್ಕಿಂತ ಭದ್ರವಾದ ಹೊದಿಕೆ ಬೇರೆ ಸಿಗುವುದಿಲ್ಲ.